ಅವ್ವನ ಹಗೇವು, ತಮ್ಮನ ಬಿನ್ನು

ಮೆಕ್ಕೆಜೋಳವನ್ನು ಅರೆದು, ಬೇಯಿಸಿ, ಹುಳಿ ಬರಿಸಿ, ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್ಟು ಇಳಿಸಿಕೊಂಡ ಮೇಲೆ ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ಅದನ್ನು ಒಣಗಿಸಿ ಕೋಳಿಗೂ ಎಮ್ಮೆಗೂ ಮೇವು ಮಾಡುತ್ತಾರೆ. ವ್ಯಾಪಾರದವರು ಅದಕ್ಕೆ ಡಿಡಿಜಿಎಸ್ ಅನ್ನುತ್ತಾರೆ. ಆ ನಾಲ್ಕು ಅಕ್ಷರ ಬಿಡಿಸಿ ಹೇಳಿ ಎಂದರೆ ಮಾರುವವನೂ ಕೊಳ್ಳುವವನೂ ಸೇರಿ ಮೇಲೆ ಕೆಳಗೆ ನೋಡುತ್ತಾರೆ. ನಮ್ಮ ಮನೆಯಲ್ಲಿ ಅದು ಬರೀ ಹಿಪ್ಪೆ. ಜೋಳವನ್ನು ಹೀರಿ ಹಿಪ್ಪೆ ಮಾಡಿದ್ದಾರೆ, ಇನ್ನೇನು ಹೆಸರಿಡಬೇಕು?

ಹೈದರಾಬಾದಿನ ನಾಚಾರಂನಲ್ಲಿ ಸಣ್ಣದೊಂದು ಪರೀಕ್ಷಾ ಕೇಂದ್ರ, ಅಲ್ಲಿ ನನ್ನ ಕೆಲಸ. ಪ್ರೋಟೀನು, ಕೊಬ್ಬು ಎಷ್ಟಿದೆ ಎಂದು ಹೇಳಲು ಯಂತ್ರಗಳಿವೆ, ಅವುಗಳ ಮುಂದೆ ಕೂರಲು ಇಸ್ತ್ರಿ ಅಂಗಿಯ ಹುಡುಗರಿದ್ದಾರೆ. ನನ್ನ ಪಾಲಿಗೆ ಬಂದದ್ದು ಹಿಪ್ಪೆಯ ಮೈಗುಣ. ಬಣ್ಣ ನೋಡುತ್ತೇನೆ. ಅರಿಶಿನದಂತೆ ಹಳದಿ ಇದ್ದರೆ ಒಳ್ಳೆಯದು, ಕಾಫಿಪುಡಿಯ ಹಾಗಿದ್ದರೆ ಒಣಗಿಸುವಾಗ ಸುಟ್ಟಿದ್ದಾರೆ ಎಂದರ್ಥ. ಮೂಸುತ್ತೇನೆ. ಲೀಟರ್ ಪಾತ್ರೆಗೆ ಸಡಿಲವಾಗಿ ತುಂಬಿ ತೂಗುತ್ತೇನೆ, ಆಮೇಲೆ ಪಾತ್ರೆಯನ್ನು ಕುಟ್ಟಿ ಎಷ್ಟು ಕುಸಿಯಿತು ಎಂದು ನೋಡುತ್ತೇನೆ. ಕೊಳವೆಯಿಂದ ಮೇಜಿನ ಮೇಲೆ ಸುರಿದರೆ ಒಂದು ಗುಡ್ಡೆ ಏಳುತ್ತದೆ. ಗುಡ್ಡೆ ಚಪ್ಪಟೆಯಾಗಿ ಹರಡಿದರೆ ಆ ಮಾಲು ಎಲ್ಲಿ ಹಾಕಿದರೂ ಸುಲಭವಾಗಿ ಕೆಳಗಿಳಿಯುತ್ತದೆ. ಕಡಿದಾಗಿ ನಿಂತರೆ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಒಂದು ಮುಷ್ಟಿ ಹಿಡಿದು ಹಿಚುಕಿ ಕೈ ತೆರೆಯುತ್ತೇನೆ. ಪುಡಿಪುಡಿಯಾಗಿ ಉದುರಿದರೆ ಸರಿ, ಉಂಡೆಯಾಗಿ ನನ್ನ ಬೆರಳಿನ ಗುರುತು ಹಿಡಿದುಕೊಂಡಿದ್ದರೆ ಅದನ್ನು ನಂಬಬಾರದು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ. ಮೂಗಿನಿಂದಲೇ ದುಡಿದು ತಿನ್ನುವವಳಿಗೆ ಸಿಟ್ಟಾದರೂ ಬೇರೆಲ್ಲಿ ಇರಬೇಕು?

ಈ ಹಿಪ್ಪೆಗೆ ಎರಡು ಕೆಟ್ಟ ಗುಣಗಳಿವೆ. ಬಿಸಿ ಇರುವಾಗಲೇ ತುಂಬಿ ಮುಚ್ಚಿಟ್ಟರೆ ಒಳಗೊಳಗೇ ಬೆವರುತ್ತದೆ. ಆ ಬೆವರಿಗೆ ಅದರ ಸಿಹಿ, ಜಿಡ್ಡು ಎಲ್ಲ ಕರಗಿ, ಆಮೇಲೆ ಗಟ್ಟಿಯಾಗಿ ಗೋಡೆಯಂತೆ ನಿಂತುಬಿಡುತ್ತದೆ. ಎರಡನೆಯದು, ಅದು ಜಿಪುಣನ ಜಾತಿ. ಒಮ್ಮೆ ಒಳಗೆ ಸೇರಿದ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ಮೇಲೆ ಕೈಯಿಟ್ಟರೆ ತಣ್ಣಗಿರುತ್ತದೆ, ಮೊಣಕೈವರೆಗೆ ತೂರಿಸಿದರೆ ಹಬ್ಬ ಕಳೆದರೂ ಬೆಚ್ಚಗಿರುತ್ತದೆ. ಈ ಎರಡು ಮಾತು ನೆನಪಿಟ್ಟುಕೊಂಡರೆ ನಾನು ಮುಂದೆ ಹೇಳುವುದಕ್ಕೆ ಬೇರೆ ವಿದ್ಯೆ ಬೇಕಿಲ್ಲ.

ನಮ್ಮದು ಮುತ್ತಜ್ಜನ ಕಾಲಕ್ಕೇ ಕಲಬುರಗಿ ಕಡೆಯಿಂದ ಕಚೇರಿ ಚಾಕರಿಗೆ ಬಂದು ಹೈದರಾಬಾದಿನಲ್ಲೇ ಬೇರು ಬಿಟ್ಟ ಮನೆತನ. ಹೊಸ್ತಿಲ ಹೊರಗೆ ತೆಲುಗು, ಹಿಂದಿ. ಹೊಸ್ತಿಲ ಒಳಗೆ ಅವ್ವನ ಕನ್ನಡ. ಅವ್ವ ಭೀಮಾ ದಂಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಅವಳ ತವರಿನಲ್ಲಿ ಹಗೇವು ಇತ್ತಂತೆ. ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಮೇಲೆ ಒಬ್ಬ ಆಳು ಇಳಿಯುವಷ್ಟು ಬಾಯಿ, ಒಳಗೆ ಒಂದು ಕೋಣೆಯಷ್ಟು ಜಾಗ. ಅದನ್ನು ನಾವು ಮಕ್ಕಳು ಕಣ್ಣಿಂದ ಕಂಡವರಲ್ಲ, ಆದರೆ ಕೇಳಿ ಕೇಳಿ ಅದರ ವಾಸನೆ ಕೂಡ ಗೊತ್ತಿತ್ತು. ಮಹಾನವಮಿ ಬಂದರೆ ಅವ್ವನ ಮಾತು ಪ್ರತಿವರ್ಷ ಒಂದೇ.

"ಹಬ್ಬದ ದಿನ ಹಗೇವು ಬರಿದಾಗಿ ಬಾಯಿ ತಗಕೊಂಡು ಕುಂದರಬಾರದು. ಬರಿದಾದ್ದು ಏನರ ಬೇಡತೈತಿ."

ಹಗೇವು ಎಲ್ಲಿಂದ ಬರಬೇಕು? ಬಾಡಿಗೆ ಮನೆಯ ಅಕ್ಕಿ ಡಬ್ಬಿ, ಬೇಳೆ ಡಬ್ಬಿಗಳನ್ನೇ ಕಂಠಮಟ ತುಂಬಿ, ಕುಂಕುಮವಿಟ್ಟು, ಬೆರಳಿನಿಂದ ಬಡಿದು ನೋಡುತ್ತಿದ್ದಳು. ತುಂಬಿದ ಸಪ್ಪಳ ಬಂದರೆ ಮುಖ ಅರಳುತ್ತಿತ್ತು. ನಾನು ನಗುತ್ತಿದ್ದೆ. ತಮ್ಮ ನಗುತ್ತಿರಲಿಲ್ಲ, ಡಬ್ಬಿ ಹಿಡಿದು ನಿಲ್ಲುತ್ತಿದ್ದ.

ಅವನು ನನಗಿಂತ ಬಹಳ ಚಿಕ್ಕವನು. ಅವ್ವ ಹೆತ್ತಳು, ನಾನು ಎತ್ತಿ ಬೆಳೆಸಿದೆ. ಮದುವೆಯ ಮಾತೆತ್ತಿದರೆ, "ಅವ್ವನ ಮುಂದ ಇನ್ನೊಬ್ಬಾಕಿ ಬಂದು ಡಬ್ಬಿ ಬಡಿಯಾಕ ಹತ್ತಿದರ ನಾ ಏನ್ ಮಾಡ್ಲಿ?" ಎಂದು ಹಾರಿಸಿಬಿಡುತ್ತಿದ್ದ. ನನ್ನ ಸಂಸಾರ ಮಿಯಾಪುರದಲ್ಲಿ, ಅವನೂ ಅವ್ವನೂ ನಾಚಾರಂನ ಹಳೇ ಮನೆಯಲ್ಲಿ. ಅಲ್ಲಿಂದ ಇನ್ನೂ ಮುಂದೆ, ಊರು ತೆಳ್ಳಗಾಗುವ ಕಡೆ, ಕೋಳಿಮೇವಿನ ಒಂದು ಕಾರ್ಖಾನೆಯಲ್ಲಿ ಅವನು ಪಾಳಿ ನೋಡಿಕೊಳ್ಳುತ್ತಿದ್ದ. ನಾನು ಪರೀಕ್ಷೆ ಮಾಡುವ ಹಿಪ್ಪೆಯನ್ನೇ ಅವನು ಲಾರಿಗಟ್ಟಲೆ ಇಳಿಸುತ್ತಿದ್ದ.

ಮೊದಲು ಅಲ್ಲಿ ಎಲ್ಲ ಚೀಲದ ಕೆಲಸ. ಹಿಪ್ಪೆ ಬಂದರೆ ಗೋದಾಮಿನ ನೆಲದ ಮೇಲೆ ಸುರಿಯುವರು. ಹಮಾಲರು ಬೀಡಿ ಸೇದಿ, ಚಹಾ ಕುಡಿದು, ಜಗಳವಾಡಿ, ಮರುದಿನವೋ ಅದರಾಚೆ ದಿನವೋ ಚೀಲಕ್ಕೆ ತುಂಬುವರು. ಅಷ್ಟರಲ್ಲಿ ಮಾಲು ತಂತಾನೇ ತಣ್ಣಗಾಗಿರುತ್ತಿತ್ತು. ತಣ್ಣಗಾಗಲಿ ಎಂದು ಯಾರೂ ಬಿಟ್ಟದ್ದಲ್ಲ. ಆ ಸೋಮಾರಿತನವೇ ಎಲ್ಲರನ್ನೂ ಕಾಯುತ್ತಿತ್ತು. ಆ ವರ್ಷ ಯಜಮಾನರು ಉಕ್ಕಿನ ಎತ್ತರದ ಬಿನ್ನು ಕೂರಿಸಿದರು. ಲಾರಿ ಬಂದು ನಿಂತರೆ ಓಡುವ ರಬ್ಬರು ಪಟ್ಟಿಯ ಮೇಲೆ ಹಿಪ್ಪೆ ನೇರ ಮೇಲೇರಿ, ಬಿನ್ನಿನ ನೆತ್ತಿಯಿಂದ ಒಳಗೆ ಬೀಳುತ್ತದೆ. ಬೇಕಾದಾಗ ಕೆಳಗಿನ ಬಾಗಿಲು ಸರಿಸಿದರೆ ಇಳಿಯುತ್ತದೆ. ತಮ್ಮನಿಗೆ ಅದರ ಮೇಲೆ ವಿಪರೀತ ಹೆಮ್ಮೆ.

"ಅಕ್ಕಾ, ನಿನ್ನ ಹಿಪ್ಪಿ ಈಗ ಲಿಫ್ಟಿನಾಗ ಹೋಗತೈತಿ. ನಾವಿನ್ನೂ ಮೆಟ್ಟಲಾ ಹತ್ತಾಕತ್ತೀವಿ," ಎಂದು ಫೋನಿನಲ್ಲಿ ನಕ್ಕ. ಅವ್ವನಿಗೆ ಫೋಟೋ ತೋರಿಸಿದನಂತೆ. ಅವಳು ಬಹಳ ಹೊತ್ತು ನೋಡಿ, "ಇದು ನಿನ್ನ ಹಗೇವು. ಹಬ್ಬಕ್ಕ ತುಂಬಸು," ಅಂದಳಂತೆ.

ಆಯುಧಪೂಜೆಗೆ ಅವ್ವನನ್ನು ಕಾರ್ಖಾನೆಗೆ ಕರೆದೊಯ್ಯುವುದು ಎಂದಾಯಿತು. ಹಿಂದಿನ ದಿನ ಬಿನ್ನು ಅರ್ಧಕ್ಕಿಂತ ಕೆಳಗಿತ್ತು. ಅವ್ವ ಬಂದು ಬಡಿದು ನೋಡಿದರೆ ಡೊಳ್ಳಿನ ಸಪ್ಪಳ ಬರುತ್ತದೆ. ಸ್ಪಿರಿಟ್ಟಿನ ಕಾರ್ಖಾನೆಯವರೂ ಹಬ್ಬಕ್ಕೆ ಬಾಗಿಲು ಹಾಕುವ ಅವಸರದಲ್ಲಿದ್ದರು. ಒಣಗಿಸುವ ಯಂತ್ರದಿಂದ ಇಳಿದದ್ದನ್ನು ಹಾಗೇ ಲಾರಿಗೆ ಹಾಕಿ ಕಳಿಸಿದರು. ಲಾರಿಯಿಂದ ಹಬೆ ಏಳುತ್ತಿತ್ತು ಎಂದು ಆಮೇಲೆ ಹಮಾಲರು ನನಗೆ ಹೇಳಿದರು. ತಮ್ಮ ಆ ಬಿಸಿಬಿಸಿ ಹಿಪ್ಪೆಯನ್ನು ಬಿನ್ನಿನ ಕಂಠದವರೆಗೆ ಏರಿಸಿದ. ಮರುದಿನ ಯಂತ್ರಗಳೆಲ್ಲ ನಿಂತವು. ಆಯುಧಗಳು ವಿಶ್ರಾಂತಿ ತೆಗೆದುಕೊಳ್ಳುವ ದಿನ, ಬಿನ್ನಿನ ಬಾಗಿಲನ್ನೂ ಸರಿಸುವಂತಿಲ್ಲ. ನಾನು ಅಲ್ಲಿರಲಿಲ್ಲ, ನಮ್ಮ ಕೇಂದ್ರದ ತಕ್ಕಡಿಗಳಿಗೆ ಕುಂಕುಮ ಹಚ್ಚುತ್ತಿದ್ದೆ.

ವಿಜಯದಶಮಿಯ ಸಂಜೆ ತಮ್ಮ ಬನ್ನಿ ಎಲೆ ಹಿಡಿದು ಮಿಯಾಪುರಕ್ಕೆ ಬಂದ. ಹೊಸ ಅಂಗಿ, ಹಣೆಯಲ್ಲಿ ಅವ್ವ ಹಚ್ಚಿದ ದಪ್ಪ ಕುಂಕುಮ.

"ಬಂಗಾರ ತಗೊಂಡು ಬಂಗಾರದಂಗ ಇರೂಣು ಅಕ್ಕಾ," ಎಂದು ಕಾಲಿಗೆ ಬಿದ್ದ.

"ಬಂಗಾರ ಆಮ್ಯಾಲ. ಮೊದಲ ಕಾಲು ತೊಳಕೊಂಡು ಒಳಗ ಬಾ. ನೆಲಾ ಒರಸೀನಿ," ಅಂದೆ. ನಾನು ಅವನಿಗೆ ಆಡಿದ್ದು ಹೆಚ್ಚಾಗಿ ಇಂಥ ಮಾತುಗಳೇ.

ಹೋಳಿಗೆ ತಿನ್ನುತ್ತ, "ನಿನ್ನೆ ಅವ್ವ ಬಿನ್ನಿಗೆ ಬೆರಳಿಲೆ ಬಡದು ನೋಡಿದಳು. ತುಂಬಿದ ಸಪ್ಪಳಾ ಕೇಳಿ ಏನ್ ಖುಷಿ ಅಂತಿ! ಕಣ್ಣಾಗ ನೀರಽ ತಂದಳು," ಅಂದ. ಬಿಸಿಯ ಮಾತು ಅವನಿಗೂ ಹೊಳೆಯಲಿಲ್ಲ, ನನಗೆ ಕೇಳಲು ಕಾರಣವೂ ಇರಲಿಲ್ಲ. ಇನ್ನೊಂದು ಹೋಳಿಗೆ ಹಾಕಿದೆ. ಬೇಡ ಅಂದು ತಿಂದ.

ಹಬ್ಬ ಮುಗಿದು ಕಾರ್ಖಾನೆ ಬಾಗಿಲು ತೆರೆದ ಬೆಳಿಗ್ಗೆ ತೆಂಗಿನಕಾಯಿ ಒಡೆದು ಬಿನ್ನಿನ ಬಾಗಿಲು ಸರಿಸಿದರೆ, ಸ್ವಲ್ಪ ಉದುರಿ ನಿಂತುಬಿಟ್ಟಿತು. ಕಟ್ಟಿಗೆಯ ಸುತ್ತಿಗೆಯಿಂದ ಹೊರಗಿನಿಂದ ಬಡಿದರು, ಜಗ್ಗಲಿಲ್ಲ. ಮೇಲಿನ ಕಿಂಡಿಯಿಂದ ಇಣುಕಿದರೆ ಒಳಗೆ ಸಪಾಟಾದ ನೆಲದ ಹಾಗೆ ಕಾಣುತ್ತಿತ್ತಂತೆ. ಅದು ನೆಲವಲ್ಲ. ಮೇಲಿನದು ಗಟ್ಟಿಯಾಗಿ ಗೋಡೆಗೆ ಕಚ್ಚಿಕೊಂಡಿತ್ತು. ಕೆಳಗಿನದು ಉದುರಿ ನಡುವೆ ಟೊಳ್ಳಾಗಿತ್ತು. ಹಮಾಲರು ಮುಖ ಮುಖ ನೋಡಿಕೊಂಡಾಗ ತಮ್ಮ ತಾನೇ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಸರಳು ಹಿಡಿದು ಒಳಗಿಳಿದ. ಇನ್ನೊಬ್ಬರನ್ನು ಇಳಿಸಿ ತಾನು ಮೇಲೆ ನಿಲ್ಲುವ ಜಾಣತನ ಅವನಿಗೆ ಕಲಿಸಿದವರಾರು? ಎರಡು ಪೆಟ್ಟು ಹಾಕಿದನಂತೆ. ಕಾಲ ಕೆಳಗಿನದು ಕುಸಿಯಿತು. ಅವನು ಹೋದ, ಅವನ ಮೇಲೆ ಗೋಡೆಗೆ ಅಂಟಿದ್ದದ್ದೂ ಕಳಚಿ ಬಿತ್ತು.

ನನಗೆ ಫೋನು ಮಾಡಿದವನು ಅಲ್ಲಿಯ ಒಬ್ಬ ಹಮಾಲ. "ಅಕ್ಕಾ, ತೊಂದರಗಾ ರಾ," ಎಂದ, ಬೇಗ ಬಾ ಎಂದು. ಯಾಕೆ ಎಂದರೆ ಅಳತೊಡಗಿದ.

ಆಟೋ ಹಿಡಿದು ಹೋದೆ. ಬಿನ್ನಿನ ನೆತ್ತಿಯ ಮೇಲೆ ಐದಾರು ಗಂಡಸರು ಹಗ್ಗ ಎಳೆಯುತ್ತಿದ್ದರು. ಹಗ್ಗ ತಂತಿಯ ಹಾಗೆ ಬಿಗಿದಿತ್ತು.

"ಎಳೀಬ್ಯಾಡ್ರೋ! ಎಳೀಬ್ಯಾಡ್ರಿ!" ಎಂದು ಚೀರಿದೆ. ಯಾರಿಗೂ ತಿಳಿಯಲಿಲ್ಲ. ಹೊಸ್ತಿಲ ಹೊರಗೆ ಕನ್ನಡ ಆಡಿ ಎಷ್ಟು ವರ್ಷವಾಗಿತ್ತೋ, ಆವತ್ತು ಬಾಯಿಗೆ ಬಂದದ್ದು ಅದೊಂದೇ. "ಲಾಗೊದ್ದು!" ಎಂದು ತೆಲುಗಿನಲ್ಲಿ ಕೂಗಿದ ಮೇಲೆ ಕೈಬಿಟ್ಟರು. ಹಿಪ್ಪೆಯಲ್ಲಿ ಹೂತವನನ್ನು ಎಳೆದರೆ ಬರುವುದಿಲ್ಲ. ಅದು ಎಲ್ಲ ಕಡೆಯಿಂದ ಒತ್ತಿ ಹಿಡಿದಿರುತ್ತದೆ, ಮೈ ಹರಿದೀತೇ ಹೊರತು ಬಿಡದು. ಸುತ್ತಲಿನದನ್ನೇ ತೆಗೆಯಬೇಕು. ಅಷ್ಟರಲ್ಲಿ ಯಾರೋ ಗ್ಯಾಸ್ ಕಟರ್ ತಂದರು, ಉಕ್ಕನ್ನು ಸುಟ್ಟು ಕೊಯ್ಯೋಣ ಎಂದು. ಅದಕ್ಕೂ ಅಡ್ಡ ನಿಂತೆ. ಹಿಪ್ಪೆಯ ಧೂಳಿಗೆ ಒಂದು ಕಿಡಿ ಸಾಕು, ಬಿನ್ನೇ ಒಲೆಯಾಗುತ್ತಿತ್ತು. ಪಕ್ಕದ ತಗಡುಗಳ ಬೋಲ್ಟುಗಳನ್ನು ಪಾನಾ ಹಾಕಿ ಒಂದೊಂದಾಗಿ ಬಿಚ್ಚಿಸಿದೆ. ಅಗ್ನಿಶಾಮಕದವರು ಬಂದು ಕೈಜೋಡಿಸಿದರು. ತಗಡು ಕಳಚಿದರೂ ಹಿಪ್ಪೆ ಸುರಿಯಲಿಲ್ಲ, ಗೋಡೆಯ ಹಾಗೆ ನಿಂತೇ ಇತ್ತು. ಅಗೆದು ತೆಗೆದರು. ಅಗೆದಷ್ಟೂ ಒಳಗಿನಿಂದ ಹಬೆಯೂ ಸುಟ್ಟ ಬೆಲ್ಲದ ವಾಸನೆಯೂ ಬರುತ್ತಿದ್ದವು. ನಾನು ಮಾಡಿದ್ದೆಲ್ಲ ಸರಿಯಿತ್ತು. ಅದರಿಂದ ಏನೂ ಆಗಲಿಲ್ಲ.

ಅವನನ್ನು ಹೊರತೆಗೆದಾಗ ಮಧ್ಯಾಹ್ನ ಇಳಿದಿತ್ತು. ಗೋಣಿಚೀಲಗಳ ಮೇಲೆ ಮಲಗಿಸಿದರು. ರೆಪ್ಪೆಗಳ ಮೇಲೆಲ್ಲ ಹಳದಿ ಪುಡಿ. ಒಳ್ಳೆಯ ಬಣ್ಣದ ಮಾಲು ಎಂದು ನನ್ನ ದರಿದ್ರ ಬುದ್ಧಿ ಆಗಲೂ ಗುರುತು ಹಿಡಿಯಿತು. ಆ್ಯಂಬುಲೆನ್ಸಿನವರು ಎದೆ ನೋಡಿ, ಕಣ್ಣು ನೋಡಿ, ಹಿಂದೆ ಸರಿದರು.

ಅಷ್ಟರಲ್ಲಿ ನೆರೆಯವರು ಅವ್ವನನ್ನು ಕರೆತಂದರು. ಯಾರು ಹೇಳಿ ಕಳಿಸಿದರೋ. ಅವಳು ಅಳಲಿಲ್ಲ, ನೇರ ಬಂದು ಅವನ ಪಾದ ಹಿಡಿದುಕೊಂಡಳು. ಹಿಡಿದವಳೇ ಬೆಚ್ಚಿ ಬಿದ್ದಳು.

"ಬೆಚ್ಚಗ ಅದಾವ! ಪಾದ ನೋಡ್ರಿ, ಬೆಚ್ಚಗ ಅದಾವ! ಜೀವ ಐತಿ ನನ್ನ ಕೂಸಿಗೆ!"

ಅವಳು ಪಾದಗಳನ್ನು ಎದೆಗೊತ್ತಿಕೊಂಡು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಇಬ್ಬರು ಹೆಂಗಸರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ದೂರ ಕೂರಿಸಿದರು. ಪೊಲೀಸರು ಬಂದು ಪಂಚನಾಮೆ ಬರೆದರು. ಮುಗಿಯುವವರೆಗೆ ಅವನು ಅಲ್ಲೇ ಗೋಣಿಚೀಲದ ಮೇಲೆ, ನಾವು ಸುತ್ತ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ ಬಿನ್ನಿನ ಕಿಂಡಿಗೆ ಜಾಳಿಗೆ ಹಾಕಿ ಬೀಗ ಜಡಿದರು. ಯಜಮಾನರು ಬಂದು ಕೈಮುಗಿದು, ಹಣೆಬರಹ ಅಂದರು. ಆ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ತೇವ ಎಷ್ಟು, ಬಿಸಿ ಎಷ್ಟು ಎಂದು ನೋಡದೆ ತುಂಬಿಸಿಕೊಳ್ಳುವವರಿಗೆಲ್ಲ ಹಣೆಬರಹ ಅನ್ನುವುದು ಬಹಳ ಅನುಕೂಲದ ಮಾತು.

ಅವ್ವನನ್ನು ಮಿಯಾಪುರಕ್ಕೆ ಕರೆದುಕೊಂಡು ಬಂದೆ. ಕರ್ಮಾಂತರ ಮುಗಿದ ಮೇಲೆ ಒಂದು ಮಧ್ಯಾಹ್ನ, ಬಾಲ್ಕನಿಯಲ್ಲಿ ಸೊಪ್ಪು ಸೋಸುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

"ಅದು ಬಿಸಿ ಇತ್ತೇನ?"

"ಯಾವುದು ಬೇ?"

"ಅದಽ, ನಿಮ್ಮ ಹಿಪ್ಪಿ. ನಮ್ಮ ತವರಮನ್ಯಾಗ ಬಿಸಿ ಕಾಳು ಹಗೇವಿಗೆ ಹಾಕತಿದ್ದಿಲ್ಲ. ಬಿಸಲಾಗ ಒಣಗಿದ್ದನ್ನ ರಾತ್ರಿಯೆಲ್ಲಾ ಕಣದಾಗ ಹರವಿ, ಬೆಳಗಿನ ತಂಪಿನಾಗ ತುಂಬತಿದ್ದರು. ಬಿಸೀದು ತುಂಬಿದರ ಬೆವರತೈತಿ, ಗಟ್ಟಿ ಆಕ್ಕೈತಿ ಅಂತಿದ್ದ ನಮ್ಮಪ್ಪ. ಬಿಸಿ ಇತ್ತೇನ?"

ಹಗೇವಿನ ಕಥೆಯನ್ನು ಹುಟ್ಟಿದಾಗಿನಿಂದ ಕೇಳಿದವಳು ನಾನು. ಈ ಭಾಗ ಕೇಳಿದ್ದು ಅದೇ ಮೊದಲು. ಹೌದು ಅಂದಿದ್ದರೆ, ಹಬ್ಬಕ್ಕೆ ತುಂಬಿಸು ಅಂದವಳು ಯಾರು ಎಂಬಲ್ಲಿಗೆ ಅವಳು ಆ ಕ್ಷಣವೇ ತಲುಪುತ್ತಿದ್ದಳು. ಅವಳ ಕೈಯಲ್ಲಿ ಮೆಂತ್ಯದ ಕಡ್ಡಿ ಇತ್ತು.

"ಇಲ್ಲ ಬೇ. ತಣ್ಣಗಿತ್ತು," ಅಂದೆ.

ತಲೆಯಾಡಿಸಿ ಸೊಪ್ಪು ಸೋಸಿದಳು. ಗೆದ್ದೆ ಅಂದುಕೊಂಡೆ. ಆದರೆ ಅಂದಿನಿಂದ ಅವ್ವ ನನ್ನಿಂದ ದೂರವಾಗುತ್ತ ಹೋದಳು. ನಾನು ಬಡಿಸಿದರೆ ತಟ್ಟೆ ನೋಡುತ್ತಿದ್ದಳು, ನನ್ನನ್ನು ನೋಡುತ್ತಿರಲಿಲ್ಲ. ನಾನು ಕೋಣೆಗೆ ಹೋದರೆ ಗೋಡೆಯ ಕಡೆ ಹೊರಳುತ್ತಿದ್ದಳು. ದುಃಖ, ತಾನೇ ಇಳಿಯುತ್ತದೆ ಎಂದು ಎಲ್ಲರೂ ಅಂದರು. ಬೇಸಿಗೆ ಬಂದರೂ ಇಳಿಯಲಿಲ್ಲ. ಒಂದು ದಿನ ಅನ್ನಕ್ಕೆ ಸಾರು ಹಾಕಲು ಹೋದವಳ ಕೈ ತಡೆದಳು.

"ತಣ್ಣಗಿತ್ತು ಅಂದಿ. ಹಂಗಾದರ ಅವನ ಪಾದ ಯಾಕ ಬೆಚ್ಚಗಿದ್ದವು?"

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಜೀವ ಇತ್ತು. ನಾ ಬಡಕೊಂಡೆ, ಯಾರೂ ಕೇಳಲಿಲ್ಲ. ದವಾಖಾನಿಗೆ ಒಯ್ಯಲಿಲ್ಲ. ಅವರು ಬರಕೋತ ನಿಂತರು, ನೀವು ನೋಡಕೋತ ಕುಂತಿರಿ. ಜೀವ ಇದ್ದವನ್ನ ಒಯ್ದು ಕೊಯ್ಯಾಕ ಕೊಟ್ಟಿರಿ, ಸುಟ್ಟಿರಿ. ನೀನೂ ಅಲ್ಲೇ ಕುಂತಿದ್ದಿ."

ಸಾರಿನ ಸೌಟನ್ನು ಪಾತ್ರೆಗೆ ಇಳಿಸಿದೆ. ಇಷ್ಟು ತಿಂಗಳು ಅವಳು ಮಗನನ್ನು ಜೀವಂತ ಸುಟ್ಟವಳ ಮನೆಯಲ್ಲಿ ಊಟ ಮಾಡಿದ್ದಳು. ಅದನ್ನು ಅವಳ ತಲೆಯೊಳಗೆ ಇಟ್ಟವಳು ನಾನೇ, ಒಂದು ಭಾರ ತಪ್ಪಿಸಲು ಹೋಗಿ. ಈಗ ನಿಜ ಹೇಳಿದರೆ ಈ ಭಾರ ಇಳಿದು ಆ ಭಾರ ಏರುತ್ತದೆ. ಎರಡೂ ಇಲ್ಲದ ಮೂರನೆಯ ಮಾತು ಇದೆಯೇ ಎಂದು ಇಡೀ ರಾತ್ರಿ ಹುಡುಕಿದೆ. ಇರಲಿಲ್ಲ. ಬರೀ ಬಾಯಿಮಾತಿನಲ್ಲಿ ಹೇಳಿದರೆ ನಂಬುವ ಹಂತವನ್ನೂ ಅವ್ವ ದಾಟಿದ್ದಳು.

ಮರುದಿನ ಕೇಂದ್ರದಲ್ಲಿ ಹಿಪ್ಪೆಯನ್ನು ಒಲೆಗಿಟ್ಟು, ಬಿನ್ನಿನೊಳಗೆ ಎಷ್ಟು ಬಿಸಿ ಇದ್ದಿರಬಹುದೋ ಅಷ್ಟು ಕಾಯಿಸಿದೆ. ದೊಡ್ಡ ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ, ಹಳೇ ದುಪ್ಪಟ್ಟಾ ಸುತ್ತಿ ಚೀಲಕ್ಕಿಟ್ಟುಕೊಂಡೆ. ಹಬ್ಸಿಗುಡಾದಲ್ಲಿ ಮೆಟ್ರೋದ ಕಾವಲಿನ ಹುಡುಗಿ ಡಬ್ಬಿ ತೆರೆಸಿ, "ಯೇ ಕ್ಯಾ ಹೈ ಆಂಟಿ?" ಎಂದು ಮೂಗು ಮುಚ್ಚಿಕೊಂಡಳು. ಕೋಳಿಗೆ ಹಾಕುವುದು ಅಂದೆ. ಅಮೀರಪೇಟೆಯಲ್ಲಿ ಗಾಡಿ ಬದಲಿಸಿ, ಜನರ ನಡುವೆ ನಿಂತು, ಮಿಯಾಪುರದವರೆಗೂ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದೆ. ಬಟ್ಟೆಯ ಮೇಲಿನಿಂದಲೂ ಬೆಚ್ಚಗೆ ತಾಗುತ್ತಿತ್ತು. ತಣ್ಣಗಾಗಿಬಿಡಲಿ ಎಂದು ಒಂದೆರಡು ಸಲ ಆಸೆಯಾಯಿತು. ಅದರ ಗುಣ ನನಗೆ ಗೊತ್ತಿತ್ತು, ಆಗಲಿಲ್ಲ.

ಅವ್ವ ಮಂಚದ ಮೇಲೆ ಕೂತಿದ್ದಳು. ಡಬ್ಬಿಯನ್ನು ಅವಳ ತೊಡೆಯ ಮೇಲಿಟ್ಟು ಮುಚ್ಚಳ ತೆಗೆದೆ.

"ಸುಳ್ಳು ಹೇಳಿದ್ದೆ ಬೇ. ಬಿಸಿ ಇತ್ತು. ಮಧ್ಯಾಹ್ನ ಕಾಸಿದ್ದು ಇದು, ಕೈ ಹಾಕಿ ನೋಡು. ಅವನೂ ಇದರಾಗ ಅಷ್ಟೊತ್ತು ಇದ್ದ. ಪಾದದಾಗ ಇದ್ದದ್ದು ಈ ಬಿಸಿ, ಜೀವ ಅಲ್ಲ. ಜೀವ ನಾ ಬರೂ ಮುಂಚೇನೆ ಹೋಗಿತ್ತು."

ಅವಳು ನನ್ನನ್ನು ನೋಡಿದಳು, ಎಷ್ಟೋ ತಿಂಗಳ ಮೇಲೆ. ಬೆರಳುಗಳನ್ನು ಕೂಡಿಸಿ ಹಿಪ್ಪೆಯೊಳಗೆ ಮೆಲ್ಲಗೆ ಇಳಿಸಿದಳು, ಮಣಿಕಟ್ಟಿನವರೆಗೆ, ಬಳೆ ತಾಗುವವರೆಗೆ. ಕಣ್ಣು ಮುಚ್ಚಿದಳು.

"ಹೌದು," ಅಂದಳು. "ಇಷ್ಟಽ ಬೆಚ್ಚಗಿದ್ದವು."

ಅವಳ ಹೆಗಲು ಇಳಿಯಿತು. ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟಳು. "ಹೋಗಿದ್ದ ಹಂಗಾದರ. ಸುಡೂ ಹೊತ್ತಿಗೆ ಇದ್ದಿದ್ದಿಲ್ಲ," ಎಂದು ತನಗೇ ಹೇಳಿಕೊಂಡಳು. ಇನ್ನೊಂದು ಕೈಯಿಂದ ನನ್ನ ಕೆನ್ನೆ ಮುಟ್ಟಿದಳು. ಇಲ್ಲಿಗೇ ನಿಲ್ಲಲಿ, ಇದಕ್ಕಿಂತ ಮುಂದೆ ಹೋಗದಿರಲಿ ಎಂದು ನಾನು ಬೇಡಿಕೊಂಡೆ.

ಡಬ್ಬಿಯೊಳಗಿನ ಕೈಯನ್ನು ಅವಳು ಹೊರಗೆ ತೆಗೆಯಲಿಲ್ಲ. ಹಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು.

"ತುಂಬಸು ಅಂತ ಹೇಳಿದ್ದೆ," ಅಂದಳು. "ಬಿಸಿ ಆರಿಸಿ ತುಂಬಸು ಅಂತ ಹೇಳಿದ್ದಿಲ್ಲ."